ಒಂದೇ ತಂತಿಯ ಎರಡನೇ ಸಾಕ್ಷಿ

೧೩ ಸೆಪ್ಟೆಂಬರ್ ೧೯೫೬, ಗುರುವಾರ. ನೆಬ್ರಾಸ್ಕ.

ರಾತ್ರಿ ಎರಡೂ ಮುಕ್ಕಾಲು. ಫೋನು ಒಂದೇ ಸಲ ಟಿಣ್ ಎಂದಿತು, ಎಚ್ಚರವಾಯಿತು. ಎಂಟು ಮನೆಗೂ ಒಂದೇ ಫೋನ್ ತಂತಿ, ಒಬ್ಬರ ಮಾತು ಎಲ್ಲರಿಗೂ ಕೇಳುತ್ತದೆ; ಯಾರಾದರೂ ತಮ್ಮ ಮನೆಯಲ್ಲಿ ಎತ್ತಿದರೆ ನಮ್ಮದೂ ಟಿಣ್ ಎನ್ನುತ್ತದೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಕಿವಿಗಿಟ್ಟೆ.

"ವಿಲ್ಡಾ, ನೀನೇನಾ?" ಹೊಲದಾಚೆಯ ಆಗ್ಡಾ! "ವಾಯುಪಡೆ ಕ್ಯಾಪ್ಟನ್ ಹತ್ರ ನೀನು ಮಾತಾಡಿದ್ದು ಕದ್ದು ಕೇಳ್ದೆ ಕಣೇ. ಭಾನುವಾರ ಬೆಳಗಿನ ಜಾವ ಆ ಬೆಳಕನ್ನ ನಾನೂ ನೋಡ್ದೆ. ನಿಮ್ಮ ಕಣಜದ ಮೇಲೆ ನಿಂತು, ಸರ್ರಂತ ಮೇಲಕ್ಕೆ ಹೋಯ್ತು."

ಸರ್ರಂತ ಮೇಲಕ್ಕೆ! ನಾನು ಹೇಳಿದ್ದೂ ಅದನ್ನೇ. ನಿನ್ನೆ ಮಧ್ಯಾಹ್ನ ಕ್ಯಾಪ್ಟನ್, ಹಾರುವ ತಟ್ಟೆ ಕಂಡವರಿಗೆಂದೇ ಇರುವ ಫಾರಂ ಓದಿ ಫೋನಿನಲ್ಲೇ ಕೇಳಿದ್ದ: "ತೋಳು ಚಾಚಿ ಹಿಡಿದ್ರೆ ಬಟಾಣಿಯಷ್ಟಿತ್ತಾ, ಬೇಸ್‌ಬಾಲಿನಷ್ಟಾ?" ಹಾಲಿನ ಬಾಟಲಿ ಹಿಡಿದ ತೋಳನ್ನೇ ಕಿಟಕಿಯತ್ತ ಚಾಚಿದ್ದೆ. ಕೊನೆಗೆ, "ಒಬ್ರೇ ಕಂಡಿದ್ರೆ ಶುಕ್ರಗ್ರಹ ಅಂತ ಬರೀತೀವಮ್ಮ. ಇನ್ನೊಬ್ರು ಹೇಳಿದ್ರೆ ಬೇರೆ ಮಾತು. ಹೆದ್ದಾರಿ ಮೋಟೆಲಲ್ಲಿದೀನಿ, ನಾಳೆ ಬೆಳಿಗ್ಗೆ ಏಳಕ್ಕೆ ಊರು ಬಿಡ್ತೀನಿ."

ಅತ್ತೆ ಪಕ್ಕದಲ್ಲೇ ಇದ್ದರು. "ಹೆತ್ತ ಮೇಲೆ ಇವಳ ತಲೆ ಕೆಟ್ಟಿದೆ. ಸರ್ಕಾರದೋರೂ ಶುಕ್ರ ಅಂದ್ರೆ, ಮಗು ನನ್ನ ಮನೇಲಿ ಬೆಳೀಲಿ." ಗಂಡ ಹೌದೆಂದು ತಲೆಯಾಡಿಸಿದ. ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಮಗುವನ್ನು ಒಯ್ಯಲು ಅತ್ತೆಯ ಕಾರು ಬರುತ್ತದೆ.

"ಕ್ಯಾಪ್ಟನ್‌ಗೆ ಹೇಳು ಆಗ್ಡಾ!"

"ಅಯ್ಯೋ, ಚರ್ಚಲ್ಲಿ ನಗ್ತಾರೆ. ಕದ್ದು ಕೇಳಿದ್ದೂ ಗೊತ್ತಾಗತ್ತೆ."

"ಅದು ಊರಿಗೇ ಗೊತ್ತು ಮಾರಾಯ್ತಿ!"

ನಕ್ಕಳು, ಫೋನ್ ಇಟ್ಟುಬಿಟ್ಟಳು. ನಾನು ಮತ್ತೆ ಮತ್ತೆ ಮಾಡಿದರೂ ಎತ್ತುತ್ತಿಲ್ಲ.

ನನಗೆ ಹುಚ್ಚಿಲ್ಲ! ಎರಡು ಜೊತೆ ಕಣ್ಣು ಕಂಡಿವೆ! ಆಗ್ಡಾ, ನಿನ್ನ ಕಾಲಿಗೆ ಬೀಳುತ್ತೇನೆ, ಯಾರು ನಕ್ಕರೂ ನಗಲಿ. ಬೆಳಗಾಗುವುದರೊಳಗೆ ಕ್ಯಾಪ್ಟನ್ ಇರುವ ಮೋಟೆಲಿಗೆ ಒಂದೇ ಒಂದು ಫೋನ್ ಮಾಡೇ, ದಯವಿಟ್ಟು, ಏಳು ಹೊಡೆಯುವ ಮುಂಚೆ!