ಗಯಾಸ್ ಊದಿದ ಚೆಂಡು

೯ ಅಕ್ಟೋಬರ್ ೧೯೩೮, ಭಾನುವಾರ

ಇವತ್ತೂ ಗೋಡೆಯೇ ಗೆದ್ದಿತು. ಅಂಗೈ ತಾಗಿಬಿಡುತ್ತದೆ, ಚೆಂಡು ಪಟ್ ಅನ್ನುತ್ತದೆ, ಸೊಟ್ಟ ಹೋಗುತ್ತದೆ. ಗಯಾಸ್ ಭಾಯಿಗೆ ನಗು. "ರೊಟ್ಟಿ ತಟ್ಟಬೇಡ ಕಣೇ ಅಕ್ತರ್. ಬೆರಳ ತುದಿ ಸಾಕು. ಹಣೆ ಮೇಲೆ ಎರಡೂ ಕೈಲಿ ಕಿಟಕಿ ಮಾಡ್ಕೊ, ಅದರೊಳಗಿಂದ ಚೆಂಡು ನೋಡು. ಕೈಲಿ ಸದ್ದು ಬಂತೋ, ತಪ್ಪು ಅಂತ್ಲೇ ಲೆಕ್ಕ."

ವಾಲಿಬಾಲ್ ಹುಡುಗಿಯರ ಆಟವಲ್ಲ, ಗೊತ್ತು. ಆದರೆ ಮೈದಾನದ ಟೀಮಿನಲ್ಲಿ ಚೆಂಡು ಎತ್ತಿಕೊಡುವವನು ಭಾಯಿ. ಮನೆಯಲ್ಲಿ ಅಭ್ಯಾಸಕ್ಕೆ ಒಬ್ಬರು ಬೇಕು, ನಾನೇ ಗತಿ. ಹಿತ್ತಿಲ ಗೋಡೆ ಎತ್ತರ, ಯಾರ ಕಣ್ಣಿಗೂ ಬೀಳುವುದಿಲ್ಲ. ಪಕ್ಕದ ಮನೆ ಸಿದ್ದಲಿಂಗಮ್ಮನವರ ಕಿವಿಗೆ ಮಾತ್ರ ಗೋಡೆ ಇಲ್ಲ. "ಆ ಗ್ವಾಡೆ ಏನ್ ತೆಪ್ಪು ಮಾಡ್ತು ಅಂತ ಇಂಗ್ ಬಡೀತಿದ್ದೀಯವ್ವ?" ಅಂತ ಆಚೆಯಿಂದ ಕೂಗಿದರು. ಆಮೇಲೆ ಅಮ್ಮಿ ನನ್ನನ್ನು ನೋಡಿದ ನೋಟ... ಬೇಡ.

ಕನ್ನಡದಲ್ಲಿ ಬರೆಯುವುದೇ ಕ್ಷೇಮ. ಅಬ್ಬ, ಅಮ್ಮಿ ಇಬ್ಬರಿಗೂ ಓದಲು ಬರುವುದಿಲ್ಲ.

೧೨ ಅಕ್ಟೋಬರ್

ಭಾಯಿ ಕಾಕನಕೋಟೆಗೆ ಹೊರಟ. ಆನೆ ಕ್ಯಾಂಪಿನಲ್ಲಿ ಕೆಲಸ. ಆನೆಗಳ ಎದೆಪಟ್ಟಿ ಅಲ್ಲೇ ಅಳತೆ ತೆಗೆದು ಅಲ್ಲೇ ಹೊಲಿಯಬೇಕಂತೆ. ಹುಣಸೂರಿನಲ್ಲಿ ಜೀನು, ಲಗಾಮು ಅಂದರೆ ನಮ್ಮ ಅಬ್ಬ ಅಬ್ದುಲ್ ಸತ್ತಾರ್ ಅಂತಲೇ ಜನ ಬರುವುದು. ಹೋಗಬೇಕಾದವರು ಅವರೇ. ಮಂಡಿ ನೋವು — ಮಗ ಹೋದ.

ಹೊರಡುವ ಮುಂಚೆ ಲೇಸು ಬಿಚ್ಚಿ, ಚೆಂಡಿನ ಬ್ಲಾಡರಿಗೆ ಬಾಯಲ್ಲೇ ಊದಿದ. ಪಂಪು ಇರುವ ಸೈಕಲ್ ಅಂಗಡಿ ಇನ್ನೂ ತೆಗೆದಿರಲಿಲ್ಲ. ಕೆನ್ನೆ ಕೆಂಪು, ಕಣ್ಣು ಹೊರಕ್ಕೆ. ನಕ್ಕು ನಕ್ಕು ನನಗೆ ಹೊಟ್ಟೆ ನೋವು ಬಂತು. ಬ್ಲಾಡರಿನ ಬಾಯಿಗೆ ದಾರ ಸುತ್ತಿ ಗಂಟು ಹಾಕಿ, ಲೇಸು ಬಿಗಿದು ಕೈಗಿಟ್ಟ.

"ನಾನು ಬರೋವರ್ಗೂ ಈ ಗಾಳಿ ಸಾಕು. ಅಷ್ಟರಲ್ಲಿ ಸದ್ದಿಲ್ದೆ ಎತ್ತೋದು ಕಲ್ತಿರಬೇಕು."

೨೭ ಅಕ್ಟೋಬರ್

ಗೋಡೆ ಬಿಟ್ಟೆ. ಈಗ ನೇರ ಮೇಲಕ್ಕೆ. ಮಂಡಿ ಬಗ್ಗಿಸು, ಕಿಟಕಿ ಮಾಡು, ಎತ್ತು. ದುಪಟ್ಟಾ ಸೊಂಟಕ್ಕೆ ಕಟ್ಟಿದ್ದೇನೆ. ಚೆಂಡು ಹೋಗುತ್ತದೆ, ಬರುತ್ತದೆ, ಸದ್ದಿಲ್ಲ! ಆಚೆಯಿಂದ ಸಿದ್ದಲಿಂಗಮ್ಮ — "ಏನವ್ವ, ಸದ್ದೇ ಇಲ್ಲ, ಉಸಾರಿಲ್ವಾ?"

ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ? ಭಾಯಿ ಬರಲಿ, ತೋರಿಸುತ್ತೇನೆ.

೧೯ ನವೆಂಬರ್

ಕ್ಯಾಂಪಿನ ಹತ್ತಿರದ ಹಾಡಿಯವನು, ಮಾದ ಅಂತ, ಬಂದಿದ್ದ. ನಡೆದೇ ಬಂದನಂತೆ. ಒಳಗೆ ಬಾ ಅಂದರೂ ಬರಲಿಲ್ಲ. ಬಾಗಿಲಲ್ಲೇ ನಿಂತ.

"ಸಾಬ್ರೇ, ಕಾಡ್ ಜ್ವರ ಬಂತು ನಿಮ್ಮ ಮಗುಂಗೆ. ಒಂದೇ ಸಮ್ಕೆ ನಡುಗ್ದ. ಡಾಕುಟ್ರತ್ರ ಕರ್ಕೊಂಡೋಗವ ಅಂತ ಒತ್ಕೊಂಡು ಒಂಟೊ. ದಾರೀಲೆ... ನಾಕ್ ದಿನ ಆಯ್ತು. ಮಾವುತ್ರೂ ನಿಮ್ ಜನವೇ, ಅವ್ರೇ ನಮಾಜು ಎಲ್ಲ ಓದಿ ಮಣ್ಣು ಮಾಡುದ್ರು. ನೀವ್ ಬರಗಂಟ ಮಡಗಕ್ಕಾಗ್ನಿಲ್ಲ ಕಣ್ರೀ."

ಅಮ್ಮಿ ಕುಸಿದರು. ಅಬ್ಬ ನಿಂತೇ ಇದ್ದರು. ಕೇಳಿದ್ದು ಒಂದೇ.

"ಪಟ್ಟಿ ಮುಗಿದಿತ್ತಾ?"

"ಮುಗುದಿತ್ತು. ಆನೆ ಅದ್ನೇ ಆಕ್ಕೊಂಡದೆ."

೨೬ ಡಿಸೆಂಬರ್

ನಲವತ್ತನೇ ದಿನದ ಫಾತಿಹಾ ಮೊನ್ನೆ ಮುಗಿಯಿತು. ನೆಂಟರು ಹೋದರು. ಅಬ್ಬ ಅಂಗಡಿ ತೆಗೆದಿಲ್ಲ, ದಬ್ಬಳ ಮುಟ್ಟಿಲ್ಲ. "ನನ್ನ ಮಂಡಿ ನೆಟ್ಟಗಿದ್ದಿದ್ದರೆ..." ಅಂತ ಒಮ್ಮೆ ಅಂದರು, ಅಷ್ಟೇ.

ಮಂಚದ ಕೆಳಗೆ ಗುಡಿಸುವಾಗ ಚೆಂಡು ಸಿಕ್ಕಿತು. ಒತ್ತಿದೆ. ಹೆಬ್ಬೆರಳು ಒಳಕ್ಕೆ ಹೋಯಿತು. ಆಗ ಹೊಳೆಯಿತು — ಒಳಗಿರುವುದು ಅವನ ಉಸಿರು. ಸೋರುತ್ತಿದೆ.

ಮುಖ ನೋಡಲಿಲ್ಲ. ಬಾಯಿಗೆ ನೀರು ಬಿಡಲಿಲ್ಲ. ನನಗೆ ಉಳಿದಿರುವುದು ಈ ಚೆಂಡಿನೊಳಗೆ ಇರುವಷ್ಟೇ.

೨ ಜನವರಿ ೧೯೩೯

ಸುಮ್ಮನೆ ಇಟ್ಟರೂ ಸೋರುತ್ತದೆ. ಆಡಿದರೆ ಇನ್ನೂ ಬೇಗ. ಆದರೆ ಕಲಿತಿರಬೇಕು ಅಂದಿದ್ದನಲ್ಲ. ದಿನಾ ಸ್ವಲ್ಪ ಎತ್ತುತ್ತೇನೆ. ಗೋಡೆಗಿಲ್ಲ, ನೆಲಕ್ಕೆ ಬಿಡುವುದಿಲ್ಲ. ಬೆರಳ ತುದಿಯಲ್ಲಿ ತಗೊಂಡು, ಬೆರಳ ತುದಿಯಲ್ಲೇ ಕಳಿಸುವುದು. ಇಷ್ಟು ಮೆತ್ತಗೆ ಅವನ ಎದುರಿಗೆ ಒಂದು ದಿನವೂ ಬರಲಿಲ್ಲ ನನಗೆ, ಹಾಳಾದ ಕೈ.

ಅಬ್ಬ ಹಿತ್ತಿಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

೧೦ ಜನವರಿ, ಸಂಜೆ

ಅಮ್ಮಿಯ ತಂಗಿ ಮುನ್ನೀಬಿ ಖಾಲಾ ಮನೆಯಿಂದ ಬಂದೆ. ಹಿತ್ತಿಲಲ್ಲಿ ಅಬ್ಬ ಕೂತಿದ್ದಾರೆ. ಸುತ್ತ ದಬ್ಬಳ, ಮೇಣ, ಎಣ್ಣೆ ಬಟ್ಟೆ. ತೊಡೆಯ ಮೇಲೆ ಚೆಂಡು. ಹೊಲಿಗೆ ಹೊಸದು, ಲೇಸು ಹೊಸದು, ಚರ್ಮ ಮಿರಮಿರ. ದುಂಡಗೆ, ಗಟ್ಟಿಯಾಗಿ.

"ಗಾಳಿ ಹೋಗಿತ್ತಲ್ಲ ಮಗಳೇ. ಇದ್ದಿದ್ದನ್ನೂ ಪೂರ್ತಿ ತೆಗೆದು, ಬ್ಲಾಡರಿಗೆ ತೇಪೆ ಹಾಕಿ, ಸೈಕಲ್ ಅಂಗಡೀಲಿ ಪಂಪು ಹೊಡೆಸ್ದೆ. ನೀನು ದಿನಾ ಆ ಸಡಿಲದ ಚೆಂಡಲ್ಲಿ ಕಷ್ಟ ಪಡೋದ ನೋಡಕ್ಕಾಗ್ಲಿಲ್ಲ."

ಕಿರುಚಬೇಕು ಅನ್ನಿಸಿತು. ಯಾಕೆ ಮುಟ್ಟಿದಿರಿ ಅಂತ. ಬಾಯಿ ತೆರೆದೂ ಆಯಿತು. ಆಗ ಅವರ ಬೆರಳು ಕಂಡೆ — ಮೇಣ ಮೆತ್ತಿ ಕಪ್ಪಾಗಿತ್ತು. ಭಾಯಿ ಹೋದ ಮೇಲೆ ಮೊದಲ ಸಲ.

"ಚೆನ್ನಾಗಿದೆ ಅಬ್ಬ" ಅಂದೆ.

"ಎತ್ತು ನೋಡೋಣ. ಅವನು ಹೇಳ್ಕೊಟ್ಟಂಗೆ." ಮಂಡಿ ಹಿಡಿದುಕೊಂಡು ಎದ್ದರು. ಎಸೆದರು.

ಕಿಟಕಿ ಮಾಡಿದೆ. ಅದರೊಳಗಿಂದ ಚೆಂಡು, ಚೆಂಡಿನ ಹಿಂದೆ ಅಬ್ಬ. ಕಣ್ಣು ಮಂಜು. ಆದರೂ ಸದ್ದಿಲ್ಲದೆ ಎತ್ತಿದೆ.

"ಅರೆ, ಸದ್ದೇ ಬರ್ಲಿಲ್ಲವಲ್ಲ!" ಅಬ್ಬ ನಕ್ಕರು.

ಅವರ ಕಾಲ ಹತ್ತಿರ ಹಳೆಯ ದಾರ ಬಿದ್ದಿತ್ತು. ಕತ್ತರಿಸಿದ್ದರು. ಭಾಯಿ ಹಾಕಿದ ಗಂಟು ಹಾಗೇ ಇತ್ತು. ಬಗ್ಗಿ ತಗೊಳ್ಳೋಣ ಅಂದರೆ ಚೆಂಡು ಮತ್ತೆ ಬರುತ್ತಿತ್ತು. ಕೈ ಎತ್ತಿದೆ.

೧೧ ಜನವರಿ, ಬೆಳಿಗ್ಗೆ

ನಾನು ಏಳುವಷ್ಟರಲ್ಲಿ ಅಮ್ಮಿ ಹಿತ್ತಿಲು ಗುಡಿಸಿ ಮುಗಿಸಿದ್ದರು. ಕಸದಲ್ಲೂ ಹುಡುಕಿದೆ. ದಾರ ಇಲ್ಲ.

ಅಬ್ಬ ಇವತ್ತು ಅಂಗಡಿ ತೆಗೆಯುತ್ತಾರಂತೆ. ಅದಕ್ಕೆ ಮೊದಲು ಚೆಂಡು ಹಿಡಿದು ಹಿತ್ತಿಲಲ್ಲಿ ನಿಂತಿದ್ದಾರೆ, ಕರೆಯುತ್ತಿದ್ದಾರೆ. ಅದರೊಳಗೆ ಇದ್ದದ್ದು ಯಾರ ಉಸಿರು ಅಂತ ಅವರಿಗೆ ಯಾವತ್ತೂ ಹೇಳುವುದಿಲ್ಲ. ಮುಖ ತೊಳೆದುಕೊಂಡು —