ತಳದ ಮೂವತ್ತೊಂದು ಗೆರೆ

ಅಕ್ಕಾ,

ಗಾಜಿನ ಕಾರ್ಖಾನೆಯ ಬಾಟಲಿ ವಿನ್ಯಾಸದ ಸಭೆಯಲ್ಲಿ, ತೊಳೆಯುವವರ ಪರ ಬಂದ ನನಗೆ ಕುರ್ಚಿ ಕೊಡುತ್ತೇವೆ ಅಂದಿದ್ದರು, ಕೊಡಲಿಲ್ಲ. ಮಾತಾಡಲು ಬಿಡುತ್ತೇವೆ ಅಂದಿದ್ದರು, ಬಿಡಲಿಲ್ಲ. ನಿಂತುಕೊಂಡೇ ಬಾಯಿ ಹಾಕಿದೆ.

"ಬಾಟಲಿ ತೆಳ್ಳಗಿರಲಿ, ಒಡೆದರೆ ಕರಗಿಸಿದರಾಯ್ತು" ಅಂದ ಎಂಜಿನಿಯರು. ತೆಳು ಬಾಟಲಿ ಬಂದರೆ ತೊಳೆಯುವ ನಿಮ್ಮೆಲ್ಲರ ಕೆಲಸಕ್ಕೆ ಕಲ್ಲು! ಇಲ್ಲಿನ ಕುಲುಮೆ ನೋಡಿದ್ದೆ, ವರ್ಷವಿಡೀ ಆರಿಸುವುದೇ ಇಲ್ಲ. "ಅದೇನು ನಿಮ್ಮ ಮಾತಿನ ಕಾವಿಗೆ ಉರಿಯುತ್ತಾ ಸ್ವಾಮಿ? ತೊಳೆಯೋಕೆ ಒಂದು ಚೊಂಬು ಬಿಸಿನೀರು ಸಾಕು" ಅಂದೆ.

ತೊಳೆದಾಗಲೆಲ್ಲ ತಳದಲ್ಲಿ ಒಂದು ಗೆರೆ ಗೀರುತ್ತೀಯಲ್ಲ, ಆ ದಪ್ಪ ಬಾಟಲಿಯನ್ನು ಅವನ ಮುಂದೆ ಕುಕ್ಕಿ, "ಒಂದು ಗೆರೆ ಅಂದರೆ ಒಂದು ಸಲ ತೊಳೆದದ್ದು, ಎಣಿಸಿ" ಅಂದೆ. ಅವನೇ ಎಣಿಸಿದ: ಮೂವತ್ತೊಂದು. ತೆಳು ಬಾಟಲಿಯ ನಕ್ಷೆ ಮಡಚಿಟ್ಟು, "ಯಾರು ತೊಳೆದದ್ದು?" ಅಂದ.

"ನಮ್ಮಕ್ಕ!"

ನೀನು ಚಿಂತೆ ಮಾಡುತ್ತಿದ್ದ ನನ್ನ ಕೆಮ್ಮು ಇಳಿದಿದೆ. ಮುಂದಿನ ಸಭೆಗೆ ನಿನ್ನನ್ನೂ ಕರೆದಿದ್ದಾರೆ, ಹೊರಟು ಬಾ. ಎರಡು ಕುರ್ಚಿ ಹಾಕಿಸಿದ್ದೇನೆ. ಗುರುವಾರ, ಬೆಳಿಗ್ಗೆ ಹತ್ತು ಗಂಟೆ.

ನಿನ್ನ ತಮ್ಮ