ಮುಡಿಪು ಕಟ್ಟಿದ್ದು ರಾಜಿಗಲ್ಲ

ಹರವೆ
17 ನವೆಂಬರ್ 2025, ಸೋಮವಾರ

ತಂಗಿ ಸುಂದ್ರಮ್ಮನಿಗೆ ನಿನ್ನ ಅಕ್ಕ ರಾಚಮ್ಮ ಮಾಡುವ ಆಶೀರ್ವಾದ.

ಇವತ್ತು ಕಡೆಯ ಕಾರ್ತಿಕ ಸೋಮವಾರ, ಒಪ್ಪೊತ್ತು ಇದ್ದೇನೆ. ಕೊಟ್ಟಿಗೆ ಬಾಚಿ, ಡೈರಿಗೆ ಹಾಲು ಹಾಕಿ, ನಿನ್ನ ಭಾವನಿಗೆ ಸ್ನಾನ ಮಾಡಿಸಿ ಈಗ ಕೂತೆ. ಅವರ ಬಲಗೈ ಇನ್ನೂ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ತಡವಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳೋಣ ಅಂತ ಕಾದೆ, ಹದಿನೈದು ದಿನದಿಂದ ನೀನು ಎತ್ತುತ್ತಿಲ್ಲ.

ಭೀಮನ ಅಮಾವಾಸ್ಯೆ ದಿನ ಅರಿಸಿನದ ಹೊಲಕ್ಕೆ ನೀರು ತಿರುಗಿಸುವಾಗ ಪಕ್ಕದ ಹೊಲದ ರಂಗರಾಜು ಗುದ್ದಲಿ ಕಾವಿನಲ್ಲಿ ಹೊಡೆದು ನಿನ್ನ ಭಾವನ ಕೈ ಮುರಿದನಲ್ಲ, ಅಂಥದ್ದೇನೂ ನಡೆದೇ ಇಲ್ಲ ಅಂತ ಪೊಲೀಸರು ಕೋರ್ಟಿಗೆ ಬಿ ರಿಪೋರ್ಟ್ ಹಾಕಿದ್ದಾರೆ. ಕುಡಿದು ಬದುವಿನಿಂದ ಬಿದ್ದರಂತೆ. ವರ್ಷಾ ವರ್ಷಾ ನಡೆದೇ ಮಾದಪ್ಪನ ಬೆಟ್ಟಕ್ಕೆ ಹೋಗುವ ಮನುಷ್ಯ, ಹೆಂಡದ ವಾಸನೆ ಬಂದರೆ ಎದ್ದು ಹೋಗುತ್ತಾರೆ.

ಇನ್ನೊಂದು ಕೇಳಿದರೆ ಹೊಟ್ಟೆ ಉರಿಯುತ್ತದೆ. ಮೂರನೇ ದಿನ ನಾನು ಅರಿಸಿನ ಬಟ್ಟೆಯಲ್ಲಿ ನಾಣ್ಯ ಕಟ್ಟಿ, ನ್ಯಾಯ ಕೊಡಪ್ಪ ಅಂತ ಮಾದಪ್ಪನ ಮುಂದೆ ಮುಡಿಪು ಇಟ್ಟಿದ್ದೆ. ಸ್ಟೇಷನ್ನಿನಲ್ಲಿ ಅದನ್ನೂ ಹೇಳಿದೆ, ಅದೇ ನಾನು ಮಾಡಿದ ತಪ್ಪು. ದಫೇದಾರ, "ದೇವ್ರಿಗೇ ಒಪ್ಪಿಸ್ಬುಟ್ಟಿದ್ದೀಯಲ್ಲ ಬುಡಮ್ಮ, ಇನ್ನು ನಮ್ದೇನು" ಅಂದ. ದೇವರ ಮಾತಿಗೆ ಇಲ್ಲ ಅನ್ನಬಾರದು ಅಂತ ಹೂಂ ಅಂದು ಬಂದೆ. ಅದನ್ನೇ 'ದೇವರ ಮುಂದೆ ರಾಜಿಯಾಗಿದ್ದಾರೆ' ಅಂತ ಬರೆದಿದ್ದಾರೆ. ಇವರ ಮನೆಗಳಲ್ಲಿ ಯಾರೂ ಮುಡಿಪು ಕಟ್ಟಿಲ್ಲವೇ?

ಕೋರ್ಟಿನ ನೋಟಿಸ್ ಬಂದಾಗ ಎಲ್ಲ ಮುಗಿಯಿತು ಅಂದುಕೊಂಡೇ ಚಾಮರಾಜನಗರಕ್ಕೆ ಹೋದೆ. ಮ್ಯಾಜಿಸ್ಟ್ರೇಟರು ಹೆಂಗಸು, ನಿನಗಿಂತ ಚಿಕ್ಕವರು. ರಾಜಿಯಾಗಿದ್ದು ನಿಜವೇ ಅಂತ ಕೇಳಿದರು. ಬಾಯಿಗೆ ಬಂದಂತೆ ಹೇಳಿಬಿಟ್ಟೆ: "ತಾಯಿ, ಮುಡ್ಪು ಕಟ್ಟುದ್ದು ನ್ಯಾಯ ಕೇಳಕ್ಕೆ, ಬುಡಕ್ಕಲ್ಲ."

ಅಲ್ಲಿದ್ದವರು ನಕ್ಕರು, ಮ್ಯಾಜಿಸ್ಟ್ರೇಟರು ನಗಲಿಲ್ಲ. "ಪೊಲೀಸರು ಏನೂ ನಡೆದಿಲ್ಲ ಅಂತ ಬರೆದರೆ ನಾನು ಒಪ್ಪಲೇಬೇಕು ಅಂತಿಲ್ಲಮ್ಮ" ಅಂದರು. ಆ ರಿಪೋರ್ಟನ್ನು ತಳ್ಳಿಹಾಕಿ ಕೇಸು ನಡೆಸಬಹುದಂತೆ, ಇನ್ನೂ ತನಿಖೆ ಮಾಡಿ ಅಂತ ಅವರಿಗೇ ವಾಪಸ್ ಕಳಿಸಬಹುದಂತೆ. ನಾನು ತಕರಾರು ಅರ್ಜಿ ಕೊಡಬೇಕು, ನಾನೂ ನಿನ್ನ ಭಾವನೂ ಕಣ್ಣಾರೆ ಕಂಡವರೂ ಪ್ರಮಾಣ ಮಾಡಿ ಹೇಳಬೇಕು. ಬರುವ ಸೋಮವಾರಕ್ಕೆ ದಿನ ಕೊಟ್ಟಿದ್ದಾರೆ.

ಕಂಡವಳು ನೀನೊಬ್ಬಳೇ. ಹಬ್ಬಕ್ಕೆ ಬಂದವಳು ಹೊಲಕ್ಕೆ ಬುತ್ತಿ ತಂದಿದ್ದೆ. ಸೆರಗು ಹರಿದು ಆ ಕೈಗೆ ಕಟ್ಟಿದವಳೂ ನೀನೇ.

ಭವ್ಯಳನ್ನು ಕೇಳಿದೆ ಅಂತ ಹೇಳು. ಮಾದಪ್ಪ ನಿನ್ನ ಮಗಳ ಬಾಳು ತಂಪಾಗಿಡಲಿ.

ನಿನ್ನ ಅಕ್ಕ
ರಾಚಮ್ಮ

ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ವಕೀಲರು ರಿಪೋರ್ಟಿನ ನಕಲು ತೆಗೆಸಿ ಓದಿದರು. 'ಭಾವ ಕುಡಿದು ಬಿದ್ದರು, ಯಾರೂ ಹೊಡೆಯಲಿಲ್ಲ' ಅನ್ನುವ ಹೇಳಿಕೆ ನಿನ್ನ ಹೆಸರಿನಲ್ಲಿದೆ. ಅದಾದ ಮುಂದಿನ ತಿಂಗಳೇ ನೀನು ರಂಗರಾಜುವಿನ ಮಗನ ಜೊತೆ ಭವ್ಯಳ ವೀಳ್ಯಶಾಸ್ತ್ರ ಮಾಡಿದೆ, ನಮ್ಮನ್ನು ಕರೆಯಲಿಲ್ಲ. ಆ ಮಾತು ನೀನು ಆಡಿದ್ದೋ, ಅವರೇ ಬರೆದುಕೊಂಡದ್ದೋ? ನಿನ್ನ ಭಾವನಿಗೆ ನಾನಿನ್ನೂ ಹೇಳಿಲ್ಲ. "ಸುಂದ್ರ ಬತ್ತಾಳೆ ಬುಡು" ಅಂತ ದಿನಾ ಅನ್ನುತ್ತಾರೆ.

ಶುಕ್ರವಾರ ನಮ್ಮ ಪಕ್ಕದ ಮನೆ ಶಂಕರ್ ತರಕಾರಿ ಆಟೋದಲ್ಲಿ ಗುಂಡ್ಲುಪೇಟೆಗೆ ಬರುತ್ತಾನೆ, ನಿನ್ನ ಉತ್ತರ ಇಸಿದುಕೊಂಡು ಬಾ ಅಂತ ಹೇಳಿದ್ದೇನೆ. ಬರುವುದಿಲ್ಲ ಅಂತಿದ್ದರೂ ನಿನ್ನ ಕೈಯಲ್ಲೇ ಬರೆದು ಕೊಡು.